ಗಿರಿಜತ್ತೆಯ ವಿಭೂತಿ, ಅಪ್ಪನ ಸಕ್ಕರೆ ಅಚ್ಚು

ಜನವರಿ ಹದಿನೈದು, ಸಂಕ್ರಾಂತಿಯ ಮರುದಿನ, ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ. ಶಿವಮೊಗ್ಗದ ರವೀಂದ್ರನಗರದ ಮನೆಯಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಬರೆಯಲು ಕೂತಿದ್ದೇನೆ. ನಿನ್ನೆ ಬೀರಿ ಉಳಿದ ಎಳ್ಳು, ಸಕ್ಕರೆ ಅಚ್ಚು ಸ್ಟೀಲಿನ ಡಬ್ಬಿಯಲ್ಲಿ ಎದುರಿಗೇ ಇವೆ. ಅದರ ಮುಚ್ಚಳ ತೆಗೆಯಲು ಮನಸ್ಸಿಲ್ಲ. ಬೇರೆಯವರಿಗೆ ಸಕ್ಕರೆ ಅಚ್ಚು ಎಂದರೆ ಹಬ್ಬ. ನನಗೆ ಅದು ಸುಟ್ಟ ಸಕ್ಕರೆಯ ವಾಸನೆ, ಆ ವಾಸನೆಯ ಬೆನ್ನಿಗೇ ಬರುವ ಅಪ್ಪನ ನಗು. ಎರಡೂ ಒಟ್ಟಿಗೆ ನೆನಪಾದರೆ ಈಗಲೂ ಗಂಟಲಿಗೆ ಹುಳಿ ನೀರು ಬರುತ್ತದೆ. ನನ್ನ ನೆನಪುಗಳ ಈ ಅಧ್ಯಾಯ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಭದ್ರಾವತಿಯ ಜನ್ನಾಪುರದಲ್ಲಿ ನಾವಿದ್ದಾಗ, ಅಪ್ಪನ ಅಕ್ಕ ಗಿರಿಜತ್ತೆ ನಮ್ಮ ಹಿತ್ತಲಲ್ಲಿ ಮಾಡುತ್ತಿದ್ದ ವಿಭೂತಿ ನಿಜವಾದ ಬೂದಿಯೋ, ಸೀಮೆಸುಣ್ಣವೋ? ಅಪ್ಪ ಒಂದು ಸಂಜೆ ಟ್ಯೂಶನ್ ಮಕ್ಕಳ ಎದುರು ಅದನ್ನು ತೀರ್ಮಾನ ಮಾಡಿಬಿಟ್ಟರು. ಆ ತೀರ್ಮಾನ ತಪ್ಪು ಎಂದು ನಾನು ನಂಬಿದ್ದೇನೆ. ಆದರೆ ನಂಬಿಕೆ ಬೇರೆ, ರುಜುವಾತು ಬೇರೆ ಎಂದು ನನಗೆ ಕಲಿಸಿದವರೂ ಅಪ್ಪನೇ.

ಜನ್ನಾಪುರದ ಮನೆ ಉದ್ದಕ್ಕೆ ಇತ್ತು, ರೈಲುಡಬ್ಬಿಯ ಹಾಗೆ. ಮುಂದೆ ಟ್ಯೂಶನ್ ಕೋಣೆ, ಆಮೇಲೆ ನಾವು ಊಟ ಮಾಡುವ ನಡುಮನೆ, ಅದರಾಚೆ ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಂಜೆ ಐದಕ್ಕೆ ಕಾರ್ಖಾನೆ ಕ್ವಾರ್ಟರ್ಸಿನ ಮಕ್ಕಳು ಟ್ಯೂಶನ್ನಿಗೆ ಬರುತ್ತಿದ್ದರು. ಹತ್ತನೇ ವಯಸ್ಸಿಗೇ ನನಗೆ ಡೈರಿ ಬರೆಯುವ, ಕಂಡದ್ದನ್ನೆಲ್ಲ ಎಣಿಸುವ ಚಟ ಹತ್ತಿತ್ತು. ಆ ವರ್ಷಗಳ ಡೈರಿ ತೆಗೆದರೆ ಹೆಚ್ಚಾಗಿ ಸಿಗುವುದು ಚಪ್ಪಲಿಯ ಲೆಕ್ಕ: ‘ಇವತ್ತು ಇಪ್ಪತ್ತೆರಡು ಜೊತೆ, ಒಂದು ಒಂಟಿ.’ ಹೊಸ್ತಿಲಾಚೆ ರಾಶಿ ಬಿದ್ದ ಆ ಚಪ್ಪಲಿಗಳ ಬೆವರುನಾತ ನಡುಮನೆಯ ಅನ್ನದ ತಟ್ಟೆಯವರೆಗೂ ಬರುತ್ತಿತ್ತು. ಬೆಂಚಿನ ಅಡಿಯಲ್ಲಿ ಹುಡುಗರು ಒರೆಸಿಟ್ಟ ಮೂಗಿನ ಸಿಂಬಳ ಒಣಗಿ ಗಟ್ಟಿಯಾಗಿರುತ್ತಿತ್ತು. ಭಾನುವಾರ ಅದನ್ನು ಕೆರೆದು ತೊಳೆಯುವ ಕೆಲಸ ನನ್ನದು. ಹಿತ್ತಲ ಕಡೆ ಹೋದರೆ ಇನ್ನೊಂದು ವಾಸನೆ. ಅಲ್ಲಿ ಗಿರಿಜತ್ತೆ ಒಣಹಾಕಿದ ಸಗಣಿ.

ಅತ್ತೆ ಗಂಡ ಸತ್ತ ಮೇಲೆ ನಮ್ಮ ಮನೆಗೆ ಬಂದವಳು. ತಮ್ಮನ ಮನೆಯಲ್ಲಿ ಸುಮ್ಮನೆ ಕೂತು ಉಣ್ಣಬಾರದೆಂದು, ತನ್ನ ಅತ್ತೆಮನೆಯಲ್ಲಿ ಕಲಿತಿದ್ದ ವಿಭೂತಿ ಮಾಡುವ ಕೆಲಸವನ್ನು ಇಲ್ಲಿ ಶುರು ಮಾಡಿದಳು. ಬೀದಿಯ ಎರಡು ಮನೆಯ ಹಸುಗಳ ಸಗಣಿ ತಂದು, ಉಂಡೆ ಮಾಡಿ, ಹಿತ್ತಲ ಗೋಡೆಯ ಮೇಲೆ ಸಾಲಾಗಿ ಒಣಗಿಸುವಳು. ಬೇಸಿಗೆಯಲ್ಲಿ ಭತ್ತದ ಹೊಟ್ಟಿನ ನಡುವೆ ಅವನ್ನು ಒಟ್ಟಿ ಬೆಂಕಿ ಹಾಕಿದರೆ ಎರಡು ದಿನ ಒಳಗೊಳಗೇ ಬೇಯುತ್ತಿದ್ದವು. ಆ ಹೊಗೆ ನನ್ನ ಕೂದಲಿಗೆ, ಯೂನಿಫಾರ್ಮಿಗೆ, ಮೊಸರನ್ನಕ್ಕೆ ಕೂಡ ಹತ್ತುತ್ತಿತ್ತು. ತರಗತಿಯಲ್ಲಿ ನನ್ನ ಪಕ್ಕದವಳು ಮೂಗು ಮುಚ್ಚಿಕೊಂಡು ಕೂರುತ್ತಿದ್ದಳು. ನನಗೆ ಅಸಹ್ಯವಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೂದಿ ಸೋಸಿ, ತೊಳೆದು, ಉಂಡೆ ಕಟ್ಟಿ, ಮೂರು ಬೆರಳ ಗುರುತು ಒತ್ತಿ ನೆರಳಲ್ಲಿ ಒಣಗಿಸಿದ ಮೇಲೆ ಆ ಗಟ್ಟಿಗಳಿಗೆ ಯಾವ ವಾಸನೆಯೂ ಇರುತ್ತಿರಲಿಲ್ಲ. ಬೆಳ್ಳಗೆ, ಸ್ವಲ್ಪ ಬೂದುಬಣ್ಣಕ್ಕೆ, ಕೈಗೆ ಹಗುರ. ನಮ್ಮ ಕಡೆಯ ಲಿಂಗವಂತರ ಮನೆಗಳಲ್ಲಿ ದಿನದ ಲಿಂಗಪೂಜೆಗೆ ಬೇಕು, ಮಗು ಹುಟ್ಟಿದರೆ ಬೇಕು. ಸತ್ತವರನ್ನು ಸಮಾಧಿಯಲ್ಲಿ ಕೂರಿಸಿ ಸುತ್ತ ತುಂಬಲು ಮಾತ್ರ, ಸೀಮೆಸುಣ್ಣ ಬೆರೆಸುತ್ತಾರೆಂಬ ಮಾತಿದ್ದ ಅಂಗಡಿಯದನ್ನು ಯಾರೂ ಕೇಳುತ್ತಿರಲಿಲ್ಲ. ‘ಮೇಷ್ಟ್ರ ಮನೆ ಗಿರಿಜಮ್ಮನ ಹತ್ರ ತನ್ನಿ’ ಎನ್ನುತ್ತಿದ್ದರು. ಅವಳ ಹತ್ತಿರ ಬೇರೆ ಯಾವ ಆಸ್ತಿಯೂ ಇರಲಿಲ್ಲ. ಆ ಒಂದು ಮಾತೇ ಅವಳ ಆಸ್ತಿ.

ಇನ್ನು ಅಪ್ಪನ ಪಾಠ. ಅಸಹ್ಯ ಎಷ್ಟೇ ಇದ್ದರೂ ಇದನ್ನು ಒಪ್ಪಬೇಕು, ಅಪ್ಪ ಚೆನ್ನಾಗಿ ಹೇಳಿಕೊಡುತ್ತಿದ್ದರು. ನಡುಮನೆಯ ಬಾಗಿಲ ಹತ್ತಿರ ನಾನು ಎಳ್ಳು ಆರಿಸುತ್ತಾ ಕೂತಿದ್ದ ಆ ಸಂಜೆಯ ಪಾಠ ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. ಸಂಕ್ರಾಂತಿಯ ಹಿಂದಿನ ದಿನ. ಒಳಗೆ ಅಮ್ಮ ಮತ್ತು ಗಿರಿಜತ್ತೆ ಕೊಬ್ಬರಿ ಹೆಚ್ಚುತ್ತಿದ್ದರು. ಅಪ್ಪ ಸಕ್ಕರೆ ಅಚ್ಚಿನ ಒಂದು ಗಿಳಿಯನ್ನು ಎತ್ತಿ ತೋರಿಸಿದರು.

“ಇದು ಸಕ್ಕರೆ. ಸುತ್ತ ಗಾಳೀಲಿ ಆಕ್ಸಿಜನ್ ಇದೆ. ಇವೆರಡೂ ಸೇರಿ ಉರಿದ್ರೆ ಶಕ್ತಿ ಹೊರಗೆ ಬರುತ್ತೆ, ಕಷ್ಟ ಯಾರಿಗೂ ಇಲ್ಲ. ಆದ್ರೂ ಡಬ್ಬೀಲಿ ವರ್ಷಗಟ್ಲೆ ಇಟ್ರೂ ಸುಮ್ನೆ ಕೂತಿರುತ್ತೆ. ಯಾಕ್ರೋ?”

“ಸೋಂಬೇರಿ ಸಾರ್ ಅದು,” ಎಂದ ಸೆಲ್ವರಾಜ. ಅವನ ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ನಮ್ಮೆಲ್ಲರಿಗಿಂತ ಜೋರು ಕನ್ನಡ.

“ನಿನ್ನ ಹಾಗೆ. ನೀನು ಬೆಳಿಗ್ಗೆ ಏಳ್ಬೇಕು ಅಂದ್ರೆ ನಿಮ್ಮಮ್ಮ ಏನು ಮಾಡ್ತಾರೆ?”

“ನೀರು ಹಾಕ್ತಾರೆ ಸಾರ್.”

“ಹಾಂ. ಎದ್ದ ಮೇಲೆ ದಿನವಿಡೀ ಕುಣೀತೀಯ, ಏಳೋದಕ್ಕೆ ಮಾತ್ರ ನೀರು ಬೇಕು. ಕ್ರಿಯೆ ಶುರು ಆಗೋಕೆ ಕೊಡಬೇಕಾದ ಆ ಮೊದಲ ಶಕ್ತಿಗೆ ಆಕ್ಟಿವೇಶನ್ ಎನರ್ಜಿ ಅಂತಾರೆ. ಹಳೇ ಬಂಧ ಸಡಿಲ ಆಗದೆ ಹೊಸ ಬಂಧ ಕೂಡೋದಿಲ್ಲ. ನನ್ನ ಸ್ಕೂಟರ್ ನೋಡಿದೀರಲ್ಲ, ಒದೀದೆ ಹೊರಡುತ್ತಾ?”

“ಒದ್ರೂ ಹೊರಡಲ್ಲ ಸಾರ್. ದಿನಾ ನಾವೇ ತಳ್ಳೋದು.”

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಗಂಭೀರವಾಗಿ ಹೇಳಿದರು:

“ಒದಿಯೋಕೆ ಮುಂಚೆ ಸ್ಕೂಟರ್‌ನ ಒಂದು ಕಡೆ ವಾಲಿಸ್ತೀನಿ, ಅಲ್ವಾ? ವಾಲಿಸಿದ್ರೆ ಕಡಿಮೆ ಒದೆ ಸಾಕು. ಆ ವಾಲಿಸೋದೇ ವೇಗವರ್ಧಕ. ಅದು ಸುಲಭದ ದಾರಿ ತೋರಿಸುತ್ತೆ. ಸ್ಕೂಟರ್ ಹೋಗೋ ಊರು ಅದೇ, ಖರ್ಚಾಗೋ ಪೆಟ್ರೋಲು ಅದೇ. ಹೊರಡೋಕೆ ಬೇಕಾದ ಒದೆ ಮಾತ್ರ ಕಡಿಮೆ.”

ಮುಂದೆ ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದೆ. ಆ ವಿಷಯವನ್ನು ಅದಕ್ಕಿಂತ ಸ್ಪಷ್ಟವಾಗಿ ಯಾರೂ ನನಗೆ ಹೇಳಲಿಲ್ಲ. ಅಪ್ಪ ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ. ಆದರೆ ಅವರಿಗೆ ಮಕ್ಕಳು ಬಾಯಿ ಬಿಟ್ಟು ನೋಡಬೇಕು. ಇಕ್ಕಳದಲ್ಲಿ ಗಿಳಿಯನ್ನು ಹಿಡಿದು ಕೊಕ್ಕಿಗೆ ಬೆಂಕಿಕಡ್ಡಿ ಹಚ್ಚಿದರು. ಸಕ್ಕರೆ ಉರಿಯಲಿಲ್ಲ. ಗಿಳಿಯ ತಲೆ ಕರಗಿ, ಕಂದಾಗಿ, ದಾರದಂತೆ ಎಳೆ ಎಳೆಯಾಗಿ ಬೆಂಚಿನ ಮೇಲೆ ಸೋರಿತು. ಮಕ್ಕಳು ಇಶ್ಶಿ ಎಂದರು. ಅಪ್ಪನಿಗೆ ಬೇಕಾಗಿದ್ದೂ ಅದೇ. ಕಡ್ಡಿಯ ಉರಿ ಸಾಲದು, ಈಗ ವೇಗವರ್ಧಕ ಸೇರಿಸೋಣ, ಬೂದಿ ಸವರಿದರೆ ಇದೇ ಸಕ್ಕರೆ ಇದೇ ಕಡ್ಡಿಗೆ ಹತ್ತಿಕೊಳ್ಳುತ್ತದೆ ಎಂದರು. ಬೂದಿಗಾಗಿ ಬಚ್ಚಲ ಒಲೆಗೆ ಹೋಗಬಹುದಿತ್ತು. ಹೋಗಲಿಲ್ಲ. ನಡುಮನೆಯ ಪೂಜೆಯ ಗೂಡಿನಿಂದ ವಿಭೂತಿಯ ಗಟ್ಟಿ ತರಲು ನನಗೆ ಹೇಳಿದರು. ತಂದುಕೊಟ್ಟೆ.

“ಇಡೀ ಜನ್ನಾಪುರದಲ್ಲಿ ಇದಕ್ಕಿಂತ ಶುದ್ಧವಾದ ಬೂದಿ ಇಲ್ಲ. ನಮ್ಮ ಅಕ್ಕನ ಕೈಯಿಂದ ಆಗಿದ್ದು,” ಎಂದರು. ಆ ಕ್ಷಣ ಅವರ ದನಿಯಲ್ಲಿ ನಿಜವಾದ ಹೆಮ್ಮೆ ಇತ್ತು. ಅದನ್ನೂ ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಇನ್ನೊಂದು ಗಿಳಿಗೆ ವಿಭೂತಿ ಸವರಿ ಕಡ್ಡಿ ಗೀರಿದರು. ಗಿಳಿ ಕರಗಿತು. ಇನ್ನಷ್ಟು ಸವರಿದರು. ಮತ್ತೆ ಕರಗಿತು. ಮೂರನೆಯ ಸಲ ಅವರ ಬೆರಳಿಗೇ ಬಿಸಿ ಪಾಕ ಬಿದ್ದು ‘ಹಾಳಾದ್ದು’ ಎಂದರು. ಕೋಣೆ ತುಂಬ ಸುಟ್ಟ ಸಕ್ಕರೆಯ ಕಹಿ ಸಿಹಿ ವಾಸನೆ. ಅಷ್ಟರಲ್ಲಿ ಸೆಲ್ವರಾಜ ಎದ್ದು ಬಚ್ಚಲಿಗೆ ಓಡಿ, ಹಂಡೆ ಒಲೆಯ ಬೂದಿಯನ್ನು ಅಂಗೈಯಲ್ಲಿ ತಂದ. ಅಪ್ಪ ಅದನ್ನು ಸವರಿ ಕಡ್ಡಿ ಹಚ್ಚಿದರು. ಗಿಳಿಯ ತುದಿಯಲ್ಲಿ ಸಣ್ಣ ಜ್ವಾಲೆ ಎದ್ದಿತು, ಬುಡದಲ್ಲಿ ನೀಲಿ, ಮೇಲೆ ಹಳದಿ. ಕಡ್ಡಿ ತೆಗೆದರೂ ಉರಿಯಿತು. ಮಕ್ಕಳು ಚಪ್ಪಾಳೆ ಹೊಡೆದರು. ಚಪ್ಪಾಳೆ ನಿಂತ ಮೇಲೆ ಸೆಲ್ವರಾಜನೇ ಕೇಳಿದ. ಅವನಲ್ಲಿ ಕೆಟ್ಟತನ ಇರಲಿಲ್ಲ, ಪಾಠ ಅರ್ಥವಾದ ಹುಡುಗ ಕೇಳಲೇಬೇಕಾದ ಪ್ರಶ್ನೆ ಅದು.

“ಹಂಗಾದ್ರೆ ಸಾರ್, ಅತ್ತೇದು ಬೂದಿನೇ ಅಲ್ವಾ?”

ಒಳಗೆ ಕೊಬ್ಬರಿ ಹೆಚ್ಚುವ ಸದ್ದು ನಿಂತಿತು. ಅಪ್ಪ ನಮ್ಮ ಕಡೆ ನೋಡಲಿಲ್ಲ. ‘ನನಗೆ ಗೊತ್ತಿಲ್ಲ’ ಎನ್ನಬಹುದಿತ್ತು. ‘ಯಾಕೆ ಹೀಗಾಯ್ತು ಅಂತ ನೋಡೋಣ’ ಎನ್ನಬಹುದಿತ್ತು. ಮೂರು ಸಲ ಸೋತ ಪ್ರಯೋಗ ನಾಲ್ಕನೆಯ ಸಲ ಗೆದ್ದಿತ್ತು. ಗೆಲುವನ್ನು ಅವರು ಬಿಡಲಿಲ್ಲ. ನಗುತ್ತಾ ಹೇಳಿದರು:

“ಮನುಷ್ಯರು ಏನು ಬೇಕಾದ್ರೂ ಹೇಳ್ತಾರೆ ಕಣ್ರೋ. ಪ್ರಯೋಗ ಸುಳ್ಳು ಹೇಳಲ್ಲ.”

ಮಕ್ಕಳು ಇನ್ನೂ ಜೋರಾಗಿ ನಕ್ಕರು. ಗಿರಿಜತ್ತೆ ಎದ್ದು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡು, ಬೆಂಚಿನ ಮೇಲೆ ಪಾಕ ಮೆತ್ತಿ ಬಿದ್ದಿದ್ದ ವಿಭೂತಿಯ ಗಟ್ಟಿಯನ್ನು ಎತ್ತಿಕೊಂಡಳು. ಅದಕ್ಕೆ ಆಗಲೇ ಒಂದು ಇರುವೆ ಹತ್ತಿತ್ತು. ಮಕ್ಕಳು ನಗು ನಿಲ್ಲಿಸಿದರು.

“ಶಿವು,” ಎಂದಳು, “ಉರಿಯೋದೆಲ್ಲ ಉರಿದು ಮುಗಿದ ಮೇಲೆ ಉಳಿದಿದ್ದು ಇದು. ಇದ್ರಿಂದ ಇನ್ನೊಂದನ್ನ ಯಾಕೋ ಉರಿಸ್ತೀಯ?”

“ಅಕ್ಕ, ಇದು ಪಾಠ. ನಿನಗೆ ಅರ್ಥ ಆಗಲ್ಲ, ಒಳಗೆ ಹೋಗು.”

ಅವಳು ಹೋದಳು. ಆ ಸಂಜೆ ಊಟಕ್ಕೆ ಅವರೆಕಾಳು ಸಾರು, ಮುದ್ದೆ. ಅತ್ತೆ ಬಡಿಸಿದಳು. ಅಪ್ಪ ಪ್ರಯೋಗದ ಬಗ್ಗೆಯೇ ಮಾತಾಡುತ್ತಾ, ತುಟಿ ಚಪ್ಪರಿಸುತ್ತಾ ಎರಡನೇ ಸಲ ಸಾರು ಹಾಕಿಸಿಕೊಂಡರು. ಗಡ್ಡದ ಮೇಲೆ ಒಂದು ಅವರೆಸಿಪ್ಪೆ ಅಂಟಿತ್ತು. ಅದನ್ನು ಯಾರೂ ಹೇಳಲಿಲ್ಲ. ನಾನು ಮುದ್ದೆ ನುಂಗಲಾಗದೆ ಎದ್ದುಹೋಗಿ ಹಿತ್ತಲಲ್ಲಿ ವಾಂತಿ ಮಾಡಿದೆ. ಬೆಳಗ್ಗೆ ಅಪ್ಪ ಸ್ನಾನ ಮಾಡಿ, ಲಿಂಗಪೂಜೆಗೆ ಕೂತು, ಅದೇ ಗೂಡಿನಿಂದ ಅತ್ತೆಯದೇ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು. ಅಮ್ಮ ಕಾಫಿ ಲೋಟ ಕುಕ್ಕಿ ಇಟ್ಟಳು.

“ಏನ್ರೀ, ಹಣೆಗೆ ಸೀಮೆಸುಣ್ಣ ಬಳ್ಕೊಂಡ್ರಾ?”

“ನಿಂದೊಂದು, ಮಾರಾಯ್ತಿ. ಪೂಜೆ ಬೇರೆ, ಪಾಠ ಬೇರೆ.”

ಈ ಉತ್ತರದಷ್ಟು ಹೇಸಿಗೆ ತಂದ ಮಾತನ್ನು ನಾನು ಬೇರೆ ಕೇಳಿಲ್ಲ. ಅವರಿಗೆ ತಮ್ಮ ಅಕ್ಕನ ಮೇಲೆ ಅನುಮಾನವೇ ಇರಲಿಲ್ಲ. ಅನುಮಾನ ಇದ್ದು ಹೇಳಿದ್ದರೆ ಒಂದು ಲೆಕ್ಕ. ಮಕ್ಕಳ ಮುಂದೆ ಪ್ರಯೋಗ ಕೆಡಬಾರದೆಂದು ಮಾತ್ರ ಅವಳ ಹೆಸರನ್ನು ಕೊಟ್ಟುಬಿಟ್ಟಿದ್ದರು.

ಮಕ್ಕಳು ಪಾಠವನ್ನು ಮನೆಗೆ ಒಯ್ದರು. ಒಳ್ಳೆಯ ಮೇಷ್ಟ್ರ ಪಾಠ ಹಾಗೆಯೇ ಮನೆಗೆ ಹೋಗುತ್ತದೆ. ವಾರದೊಳಗೆ ನಲ್ಲಿಯ ಹತ್ತಿರ, ಅಂಗಡಿಯ ಹತ್ತಿರ ‘ಮೇಷ್ಟ್ರೇ ಪರೀಕ್ಷೆ ಮಾಡಿ ನೋಡಿದ್ರಂತೆ’ ಎಂಬ ಮಾತು ಹರಡಿತು. ಬೇರೆ ಯಾರೋ ಹೇಳಿದ್ದರೆ ಜನ ನಂಬುತ್ತಿರಲಿಲ್ಲ. ಸ್ವಂತ ತಮ್ಮ ಹೇಳಿದ್ದು, ಅದೂ ವಿಜ್ಞಾನದ ಮೇಷ್ಟ್ರು. ಮೊದಲು ಬಂದವರು ನಮ್ಮ ಬೀದಿಯ ಕೊನೆಯ ಮನೆಯ ರುದ್ರಪ್ಪ. ಹಿಂದಿನ ಶ್ರಾವಣದಲ್ಲಿ ಅವರ ತಂದೆ ತೀರಿಕೊಂಡಾಗ ಸಮಾಧಿಗೆ ಬೇಕಾದ ಅಷ್ಟೂ ವಿಭೂತಿಯನ್ನು ಅತ್ತೆಯೇ ಕೊಟ್ಟಿದ್ದಳು, ಹಣ ತೆಗೆದುಕೊಂಡಿರಲಿಲ್ಲ. ರುದ್ರಪ್ಪ ಒಳಗೆ ಬರಲಿಲ್ಲ, ಚಪ್ಪಲಿಗಳ ರಾಶಿಯ ನಡುವೆ ನಿಂತೇ ಕೇಳಿದರು.

“ಗಿರಿಜಕ್ಕ, ಒಂದೇ ಮಾತು ಹೇಳು. ನಮ್ಮಪ್ಪನ್ನ ಯಾವುದ್ರಲ್ಲಿ ಕೂರಿಸಿದ್ವಿ?”

“ನಾನು ಮಾಡಿದ್ರಲ್ಲಿ.”

“ನೀನು ಮಾಡಿದ್ದು ಅಂತ ಗೊತ್ತು ಕಣಕ್ಕ. ಏನ್ರಿಂದ ಮಾಡಿದ್ದು?”

ಅತ್ತೆ ತಿರುಗಿ ಅಪ್ಪನನ್ನು ನೋಡಿದಳು. ಅಪ್ಪ ಟ್ಯೂಶನ್ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಸೀಮೆಸುಣ್ಣ ಇತ್ತು, ಪಾಠದ ನಡುವೆ ಎದ್ದು ಬಂದಿದ್ದರು. ಆಗ ಒಂದೇ ಒಂದು ವಾಕ್ಯ ಸಾಕಿತ್ತು.

“ಆಗಿದ್ದು ಆಯ್ತು ರುದ್ರಪ್ಪ. ಬಾ, ಕಾಫಿ ಕುಡಿ,” ಎಂದರು ಅಪ್ಪ.

ರುದ್ರಪ್ಪ ಅಳುತ್ತಿದ್ದರು. ದೊಡ್ಡ ಗಂಡಸು, ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಅಗೆದು ನೋಡೋದಕ್ಕಾಗುತ್ತೇನಮ್ಮಾ ಎಂದು ಯಾರನ್ನೂ ಉದ್ದೇಶಿಸದೆ ಹೇಳಿ ಹೊರಟುಹೋದರು. ಮಾರನೆಯ ದಿನದಿಂದ ಗೇಟಿನ ಹತ್ತಿರ ಪ್ಲಾಸ್ಟಿಕ್ ಚೀಲಗಳು ಕಾಣತೊಡಗಿದವು. ಜನ ವಿಭೂತಿ ಹಿಂದಿರುಗಿಸುತ್ತಿದ್ದರು. ಎದುರು ಬಂದು ಬೈಯಲು ಧೈರ್ಯ ಇಲ್ಲದವರು ಬೆಳಗಿನ ಜಾವ ಇಟ್ಟುಹೋಗುತ್ತಿದ್ದರು. ಒಂದು ಚೀಲದಲ್ಲಿ ಮೀನಿನ ಮುಳ್ಳೂ ಇತ್ತು, ಯಾರೋ ಬೇಕೆಂದೇ ಹಾಕಿದ್ದು. ಅತ್ತೆ ಅವನ್ನು ಮುಟ್ಟಲಿಲ್ಲ. ಅಪ್ಪ ಒಂದೊಂದಾಗಿ ಎತ್ತಿ, ಮುಳ್ಳು ತೆಗೆದು, ಗಟ್ಟಿಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿಟ್ಟರು.

“ಬಿಸಾಕೋದ್ಯಾಕೆ? ಪ್ರಯೋಗಕ್ಕೆ ಆಗುತ್ತೆ.”

ಆಯಿತು. ಮುಂದಿನ ವರ್ಷ ಆ ಪಾಠ ಬಂದಾಗ ಅಪ್ಪ ಮೊದಲೇ ತಯಾರಾಗಿದ್ದರು. ಎಡಗೈಯಲ್ಲಿ ಅತ್ತೆಯ ವಿಭೂತಿ, ಬಲಗೈಯಲ್ಲಿ ಒಲೆಯ ಬೂದಿ. ‘ಇದು ಹತ್ತಲ್ಲ, ಇದು ಹತ್ತುತ್ತೆ. ಯಾವುದು ಅಸಲಿ?’ ಮಕ್ಕಳು ಕೂಗಿ ಹೇಳುವರು. ಈ ಪಾಠ ಹೆಸರುವಾಸಿಯಾಯಿತು. ಬೇರೆ ಶಾಲೆಯ ಮಕ್ಕಳೂ ಬಂದರು, ಚಪ್ಪಲಿ ರಾಶಿ ರಸ್ತೆಗೆ ಚಾಚಿತು. ಒಳಗೆ ಅತ್ತೆ ಅದೇ ಹೊತ್ತಿಗೆ ಅಕ್ಕಿ ಆರಿಸುತ್ತಿದ್ದಳು. ಹಿತ್ತಲ ಗೋಡೆ ಬರಿದಾಗಿತ್ತು. ಯೂನಿಫಾರ್ಮಿಗೆ ಹೊಗೆ ಹತ್ತುತ್ತಿರಲಿಲ್ಲ. ಅದಕ್ಕೆ ನನಗೆ ಖುಷಿಯಾಗಬೇಕಿತ್ತು.

ನಾನು ಪಿಯುಸಿಗೆ ಬಂದಾಗ ನಾವು ಶಿವಮೊಗ್ಗಕ್ಕೆ, ಈ ರವೀಂದ್ರನಗರದ ಮನೆಗೆ ಬಂದೆವು. ಅತ್ತೆಯೂ ಬಂದಳು. ಇಲ್ಲಿ ಸುಡಲು ಹಿತ್ತಲಿಲ್ಲ. ಅಪ್ಪ ಅಂಗಡಿಯಿಂದ ವಿಭೂತಿಯ ಪೊಟ್ಟಣ ತಂದುಕೊಟ್ಟರು. ನೋಡಲು ಹಾಲಿನಷ್ಟು ಬಿಳುಪು, ಮೂಸಿದರೆ ಊದುಬತ್ತಿಯ ಸೆಂಟು. ಕಾಲೇಜಿನ ಲ್ಯಾಬಿನಲ್ಲಿ ಒಂದು ಚಿಟಿಕೆಗೆ ನಾನೇ ಆಮ್ಲ ಹಾಕಿ ನೋಡಿದೆ. ಉಕ್ಕಿ ನೊರೆಯಾಗಿ ಪೂರ್ತಿ ಕರಗಿಹೋಯಿತು, ತಳದಲ್ಲಿ ಏನೂ ಉಳಿಯಲಿಲ್ಲ. ಅದು ಸಾಕ್ಷಾತ್ ಸೀಮೆಸುಣ್ಣ. ಗಿರಿಜತ್ತೆ ದಿನಾ ಅದನ್ನೇ ಹಣೆಗೆ ಹಚ್ಚಿಕೊಂಡಳು. ಬೆವರಿದಾಗ ಅದು ಹಿಟ್ಟಿನ ಹಾಗೆ ಹುಬ್ಬಿನ ಮೇಲೆ ಇಳಿಯುತ್ತಿತ್ತು.

ಶಂಕರಘಟ್ಟಕ್ಕೆ ಬಸ್ಸಿನಲ್ಲಿ ಓಡಾಡುತ್ತಾ ಎಂ.ಎಸ್ಸಿ. ಓದುವಾಗ ಒಂದು ದಿನ ಲ್ಯಾಬಿನಲ್ಲಿ ಕ್ಷಾರದ ದ್ರಾವಣ ಬೆರಳಿಗೆ ಬಿತ್ತು. ಸೋಪಿನ ಹಾಗೆ ಜಾರುವ ಆ ಲೋಳೆ ಸ್ಪರ್ಶ ನನಗೆ ಗೊತ್ತಿತ್ತು. ಜನ್ನಾಪುರದಲ್ಲಿ ಅತ್ತೆ ಬೂದಿಯನ್ನು ಕೊಳಗದ ನೀರಿಗೆ ಹಾಕಿ ಕಲಕುವಳು, ತಳದಲ್ಲಿ ನಿಂತ ಮೇಲೆ ಮೇಲಿನ ನೀರು ಬಸಿಯುವಳು. ಹೀಗೆ ಮೂರು ಸಲ. ಮೊದಲ ಬಸಿ ನೀರನ್ನು ಅಮ್ಮ ಜಿಡ್ಡಿನ ಪಾತ್ರೆ ತೊಳೆಯಲು ಇಟ್ಟುಕೊಳ್ಳುವಳು. ಅದರಲ್ಲಿ ಕೈ ಹಾಕಿದರೆ ಚರ್ಮ ಜಾರಿ ಜಾರಿ, ಆಮೇಲೆ ಸುಲಿದು ಉರಿಯುತ್ತಿತ್ತು. ಬೂದಿಯ ಲವಣ ನೀರಿಗೆ ಇಳಿದಿದ್ದರಿಂದಲೇ ಹಾಗೆ. ಎಂದರೆ ಅತ್ತೆ ಸುಟ್ಟು ತೊಳೆದದ್ದು ನಿಜವಾದ ಬೂದಿ. ಸಕ್ಕರೆ ಹತ್ತಿಕೊಳ್ಳಲು ನೆರವಾಗುವುದು ಆ ಲವಣಗಳೇ ಆಗಿದ್ದರೆ, ಮೂರು ಸಲ ತೊಳೆದ ವಿಭೂತಿಯಲ್ಲಿ ಅವು ಉಳಿದಿರುವುದೇ ಇಲ್ಲ. ಅಪ್ಪ ಊರಿನಲ್ಲೇ ಅತಿ ಶುದ್ಧವಾದ ಬೂದಿ ಎಂದು ಆರಿಸಿಕೊಂಡರು, ಅಷ್ಟು ಶುದ್ಧ ಮಾಡಿದ್ದರಿಂದಲೇ ಅದು ಹತ್ತಲಿಲ್ಲ. ಒಲೆಯ ಕೊಳಕು ಬೂದಿ ಹತ್ತಿತು. ನನಗೆ ಹೀಗೆ ತೋರಿತು. ಮನೆಗೆ ಬಂದು ಊಟದ ಹೊತ್ತಿಗೆ, ಅತ್ತೆ ಎದುರಿಗಿರುವಾಗಲೇ, ಎಲ್ಲವನ್ನೂ ಅಪ್ಪನಿಗೆ ಹೇಳಿದೆ.

ಅಪ್ಪ ಪೂರ್ತಿ ಕೇಳಿಸಿಕೊಂಡರು. ವಿಜ್ಞಾನ ಅವರಿಗೆ ತಕ್ಷಣ ಅರ್ಥವಾಯಿತು, ಮುಖದಲ್ಲೇ ಕಾಣಿಸಿತು.

“ಇರಬಹುದು. ಸುಟ್ಟಿದ್ದು ಬೂದೀನೇ ಇರಬಹುದು. ಆಮೇಲೆ ಅದಕ್ಕೆ ಏನು ಬೆರೆಸಿದ್ಲೋ, ಯಾರು ನೋಡಿದಾರೆ? ಈಗ್ಯಾಕೆ ಅದೆಲ್ಲ. ಮಜ್ಜಿಗೆ ಹಾಕು.”

ಮಜ್ಜಿಗೆ ಹಾಕಿದ್ದು ಅತ್ತೆಯೇ. ಅನ್ನ ಕಲಸುವ ಅಪ್ಪನ ಬೆರಳುಗಳ ಸಂದಿಯಿಂದ ಮಜ್ಜಿಗೆ ಸೋರುತ್ತಿತ್ತು. ನಾನು ತಟ್ಟೆ ಎತ್ತಿಕೊಂಡು ಎದ್ದೆ. ಆಮೇಲೆ ಪಾತ್ರೆ ತೊಳೆಯುವಾಗ ನಾನು ಅತ್ತೆಯ ಪಕ್ಕ ನಿಂತು, ನಿನ್ನದು ನಿಜವಾದ ಬೂದಿ ಎಂದು ನನಗೆ ಗೊತ್ತಾಗಿದೆ ಎಂದೆ. ಅವಳು ತಿರುಗಿ ನೋಡಲಿಲ್ಲ.

“ಪುಸ್ತಕದಲ್ಲಿ ಸಿಕ್ತಾ? ಹಾಗಾದ್ರೆ ಇನ್ನು ನಂಬು, ಮಾರಾಯ್ತಿ,” ಎಂದಳು.

ಅವಳು ತೀರಿಕೊಂಡಾಗ ಅಪ್ಪ ಅಂಗಡಿಯಿಂದ ವಿಭೂತಿ ತರಲು ಆಳು ಕಳಿಸಿದರು. ಅಮ್ಮ ಅತ್ತೆಯ ಟ್ರಂಕು ತೆಗೆದು, ಬಿಳಿ ಪಂಚೆಯಲ್ಲಿ ಕಟ್ಟಿಟ್ಟಿದ್ದ ಗಟ್ಟಿಗಳ ಗಂಟನ್ನು ತಂದು ನಡುಮನೆಯಲ್ಲಿ ಇಟ್ಟಳು. ತನ್ನ ಸಮಾಧಿಗೆಂದು ಅತ್ತೆ ಜನ್ನಾಪುರದಲ್ಲೇ ಮಾಡಿ ಎತ್ತಿಟ್ಟುಕೊಂಡಿದ್ದಳಂತೆ.

“ಅದು ಬೇಡ. ನೆಂಟರೆಲ್ಲ ಬಂದಿದಾರೆ, ಜನ ಏನಂತಾರೆ,” ಎಂದರು ಅಪ್ಪ.

“ಸುಳ್ಳು ಬೂದಿ ಮಾಡೋಳು ತನಗೋಸ್ಕರ ಅದನ್ನೇ ಎತ್ತಿಡ್ತಾಳೇನ್ರೀ?” ಎಂದಳು ಅಮ್ಮ. ಅಪ್ಪ ಎದ್ದು ನೆಂಟರ ಕಡೆ ಹೋದರು. ಗಂಟು ಪೂರ್ತಿ ಅತ್ತೆಯ ಜೊತೆ ಹೋಯಿತು. ಒಂದು ಗಟ್ಟಿ ಉಳಿಸಿಕೊಂಡು ಲ್ಯಾಬಿಗೆ ಕೊಡೋಣ ಎಂದು ನನ್ನ ಮನಸ್ಸಿಗೆ ಬಂದದ್ದು ನಿಜ. ಕೈಯಲ್ಲಿ ಹಿಡಿದೂ ಇದ್ದೆ. ಪರೀಕ್ಷೆ ಎಂಬ ಪದವೇ ಬಾಯಲ್ಲಿ ಕೊಳೆತ ಹಾಗೆ ಅನ್ನಿಸಿ ಅದನ್ನೂ ಅವಳ ಮಡಿಲ ಹತ್ತಿರ ಇಟ್ಟೆ.

ಆಮೇಲೆ ನಾನೇ ಮಾಡಿ ನೋಡಿದ್ದೇನೆ. ಸಗಣಿ ತಂದು ತಾರಸಿಯ ಮೇಲೆ ಸುಟ್ಟೆ, ಪಕ್ಕದ ಮನೆಯವರು ಬೈದರು. ತೊಳೆಯದ ಬೂದಿಗೆ ಸಕ್ಕರೆ ಪ್ರತಿ ಸಲವೂ ಹತ್ತಿತು. ಮೂರು ಸಲ ತೊಳೆದದ್ದು ಒಮ್ಮೆ ಹತ್ತಲಿಲ್ಲ, ಒಮ್ಮೆ ತುದಿಯಲ್ಲಿ ಹತ್ತಿ ಆರಿತು. ನಾನು ತೊಳೆದದ್ದು ಅವಳು ತೊಳೆದಷ್ಟು ಚೆನ್ನಾಗಿಲ್ಲ ಎಂದುಕೊಳ್ಳುತ್ತೇನೆ. ಆದರೆ ಅದು ನನಗೆ ಬೇಕಾದ ಉತ್ತರ, ಹಾಗಾಗಿ ಅದನ್ನು ನಾನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಪುಸ್ತಕಗಳೂ ಒಂದೇ ಮಾತು ಹೇಳುವುದಿಲ್ಲ. ಬೂದಿಯ ಲವಣ ಎನ್ನುವವರಿದ್ದಾರೆ, ಅದರೊಳಗಿನ ಕಬ್ಬಿಣದ ಅಂಶ ಎನ್ನುವವರಿದ್ದಾರೆ, ಅದು ಬರೀ ಬತ್ತಿಯ ಹಾಗೆ ಕೆಲಸ ಮಾಡುತ್ತದೆ ಎನ್ನುವವರೂ ಇದ್ದಾರೆ.

ಅಪ್ಪ ನಿವೃತ್ತರಾಗಿದ್ದರೂ ಟ್ಯೂಶನ್ ಬಿಟ್ಟಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಅರ್ಧ ಗಟ್ಟಿ ಉಳಿದಿದೆ. ಜನ ಇಟ್ಟುಹೋದ ಚೀಲಗಳಲ್ಲಿ ಅಂಗಡಿಯದೂ ಬೆರೆತಿರಬಹುದು, ಹಾಗಾಗಿ ಅದನ್ನು ಪರೀಕ್ಷೆ ಮಾಡಿದರೂ ಏನೂ ರುಜುವಾಗುವುದಿಲ್ಲ. ಅದನ್ನು ಕದ್ದು ಬಚ್ಚಿಡುವ ಯೋಚನೆ ಮಾಡಿದ್ದೇನೆ, ಪ್ರಯೋಜನವಿಲ್ಲ. ಅವರು ಅಂಗಡಿಯಿಂದ ಇನ್ನೊಂದು ತಂದು ‘ಇದು ನಮ್ಮ ಅಕ್ಕ ಮಾಡಿದ್ದು’ ಎಂದೇ ಹೇಳುತ್ತಾರೆ. ನಿನ್ನೆ ಎಳ್ಳು ತಿನ್ನುತ್ತಾ, ಈ ವರ್ಷದ ಮಕ್ಕಳು ಚುರುಕಾಗಿದ್ದಾರೆ, ಸಕ್ಕರೆ ಅಚ್ಚು ಒಂದಷ್ಟು ಎತ್ತಿಡು ಎಂದರು.

ಆದ್ದರಿಂದ ಓದುವವರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಅಥವಾ ಊರಿನಲ್ಲಿ ಸಗಣಿ ಸುಟ್ಟು, ತೊಳೆದು ವಿಭೂತಿ ಮಾಡುವವರು ಈಗಲೂ ಇದ್ದರೆ, ಅವರ ಕಣ್ಣೆದುರು ಮಾಡಿದ ಗಟ್ಟಿಯನ್ನು ಸಕ್ಕರೆಗೆ ಸವರಿ ಕಡ್ಡಿ ಹಚ್ಚಿ, ಆದದ್ದನ್ನು ಆದ ಹಾಗೆಯೇ ಬರೆದು ತಿಳಿಸಿ. ಹತ್ತಿಕೊಂಡರೂ ತಿಳಿಸಿ; ಆಗ ನಾನು ತಪ್ಪು. ಅಷ್ಟು ಮಾಡುವ ಮೊದಲು ಅವರ ಒಪ್ಪಿಗೆ ಕೇಳಿ. ಮನೆಯವಳಾದ ನನ್ನ ಸಾಕ್ಷಿ ಸಾಲದು; ಜನ್ನಾಪುರದಲ್ಲಿ ಗಿರಿಜತ್ತೆ ಬೂದಿ ತೊಳೆಯುವುದನ್ನು, ಗಟ್ಟಿ ಕಟ್ಟುವುದನ್ನು ಕಣ್ಣಾರೆ ಕಂಡವರಿದ್ದರೆ ಅವರು ಬರೆಯಲಿ, ಎರಡು ಸಾಲಾದರೂ ಸಾಕು. ಅಪ್ಪ ಈಗ ಪ್ರತಿವರ್ಷ ಆ ಪಾಠವನ್ನು ಫೆಬ್ರವರಿಯಲ್ಲಿ ತೆಗೆಯುತ್ತಾರೆ. ಅದಕ್ಕೆ ಮುಂಚೆ ಬಂದರೆ ನಿಮ್ಮ ಪತ್ರವನ್ನು ನಾನು ಅವರ ಕೈಗೆ ಕೊಡುವುದಿಲ್ಲ. ಟ್ಯೂಶನ್ ಕೋಣೆಗೆ ಹೋಗಿ, ಮಕ್ಕಳು ಕೂತಿರುವಾಗ, ಗಟ್ಟಿಯಾಗಿ ಓದುತ್ತೇನೆ.